ಸಬ್‌ಮರೀನಿನವಗ ಹೊಳ್ಯಾಗ ಪದಕ

"ಕಾಕಾ, ಸಬ್‌ಮರೀನ್ ಕಮಾಂಡರಗ ಮಹಾವೀರ ಚಕ್ರ ಬಂತಂದ್ರ ಯಾತಕ್ಕ ಬಂದಿರ್ಬೇಕು ಹೇಳ್ರಿ?"

ಬೇಲಿಯಾಚೆ ತೊಗರಿಕಟ್ಟಿಗೆ ಹೊರೆ ಕಟ್ಟುತ್ತಿದ್ದ ಕಾಕಾ ತಲೆ ಎತ್ತಲಿಲ್ಲ. "ಸಮುದ್ರದಾಗ ಮುಳುಗಿ ವೈರಿ ಹಡಗ ಒಡದಿರ್ಬೇಕು. ಮತ್ತೇನು?"

"ಅಲ್ರಿ. ಮೋಹನ ನಾರಾಯಣರಾವ್ ಸಾಮಂತ ಅಂತ. 1969ರಾಗ ರಷ್ಯಾದಿಂದ ‘ಕರಂಜ್’ ಸಬ್‌ಮರೀನ್ ತಗೊಂಡಾಗ ಮೊದಲನೇ ಕಮಾಂಡರ್ ಅವರೇ. 1971ರ ಬಾಂಗ್ಲಾ ವಿಮೋಚನಾ ಲಡಾಯಿ ಹೊತ್ತಿಗಿ ಕರಂಜ್ ಶೇಖಾವತ್ ಅನ್ನೋರ ಕೈಯಾಗಿತ್ತು. ಅವರಿಗಿ ವೀರ ಚಕ್ರ ಬಂತು, ಮುಂದ ನೌಕಾಪಡಿ ಮುಖ್ಯಸ್ಥರೂ ಆದ್ರು. ಸಾಮಂತರಿಗಿ ಮಾತ್ರ ಗುಪ್ತ ಕೆಲಸ. ಭಾಗೀರಥಿ ಹೊಳಿ ದಂಡಿಗಿ ಪ್ಲಾಸಿಯಾಗ ಶಿಬಿರ, ಬಾಂಗ್ಲಾ ಹುಡುಗರಿಗಿ ಈಸಿನ ತಾಲೀಮು."

"ಬಾಂಗ್ಲಾದವರಿಗಿ ಈಸು ಕಲಸೂದಾ? ಅವರು ಹುಟ್ಟೂದೇ ನೀರಾಗ!"

"ಮೈಗಿ ಇಟ್ಟಂಗಿ ಕಟ್ಟಿಕೊಂಡು ಈಸೂದು ಕಾಕಾ. ಆಮ್ಯಾಲ ಇಟ್ಟಂಗಿ ಜಾಗಕ್ಕ ಲಿಂಪೆಟ್ ಮೈನ್. ಅಯಸ್ಕಾಂತ ಇರ್ತದ, ಹಡಗಿನ ತಳಕ್ಕ ಗಪ್ಪನ ಹತ್ತತದ. ಒಳಗ ನೀರಾಗ ಕರಗೂ ಬಿರಡಿ, ಅದು ಕರಗಿತಂದ್ರ ಢಮ್! ಹುಡುಗರು ಹಡಗ ಮುಟ್ಟೂದ್ರೊಳಗೇ ಕರಗಬಾರದಂತ ಅದಕ್ಕ ನಿರೋಧ ತೊಡಿಸಿದ್ರು."

ಕಾಕಾ ಹೊರೆ ಬಿಟ್ಟು ಬೇಲಿಗೇ ಬಂದರು. "ಸರ್ಕಾರಿ ಲೆಕ್ಕದಾಗ ಅದನ್ನ ಹೆಂಗ ಬರದ್ರೋ ಏನೋ!"

"ಆ ಹುಡುಗರ ಜೋಡಿ, ಫ್ರಾನ್ಸಿನಾಗ ಪಾಕಿಸ್ತಾನದ ‘ಮ್ಯಾಂಗ್ರೊ’ ಸಬ್‌ಮರೀನ್ ಬಿಟ್ಟು ಓಡಿಬಂದ ಎಂಟು ಬಂಗಾಲಿ ನಾವಿಕರೂ ಸೇರಿದ್ರು. ದಾಳಿಗಿ ಹೊಂಡೂ ಸುದ್ದಿ ಕಲ್ಕತ್ತಾ ರೇಡಿಯೊದಾಗ ಹಾಡು ಹಚ್ಚಿ ತಿಳಿಸಿದ್ರು. ಆಗಸ್ಟ್ 15ರ ರಾತ್ರಿ ಚಿತ್ತಗಾಂಗ್, ಮೊಂಗ್ಲಾ, ಚಾಂದಪುರ, ನಾರಾಯಣಗಂಜ್, ನಾಕೂ ಬಂದರದಾಗ ಒಂದೇ ರಾತ್ರಿ ಢಮ್ ಢಮ್."

"ಗಡಿ ಆಚಿ ಶಿಬಿರ, ರಾತ್ರಿ ಹೊಕ್ಕು ಹೊಡದು ಬರೂದು. ನಿಜಾಮನ ಕಾಲಕ್ಕ ರಜಾಕಾರರ ಎದುರು ನಮ್ಮ ಕಡಿಯವರೂ ಇದೇ ಮಾಡ್ಯಾರ. ನಮ್ಮಪ್ಪ ಹೇಳ್ತಿದ್ದ."

"ಬಾಂಗ್ಲಾದಾಗೂ ಪಾಕಿಸ್ತಾನಿ ಫೌಜಿನ ಜೋಡಿ ರಜಾಕಾರ ಅನ್ನೋ ಹೆಸರಿನವರೇ ಇದ್ರು, ಕಾಕಾ."

"ಅಯ್ಯ! ಅಲ್ಲೂ ಹೋಗಿದ್ರಾ ಆ ಮಂದಿ? ಮುಂದ ಹೇಳು."

"ಡಿಸೆಂಬರ್ 10ಕ್ಕ ಪನ್ವೇಲ್, ಪದ್ಮಾ, ಪಲಾಶ್ ಅಂತ ಮೂರು ಸಣ್ಣ ಬೋಟ್ ತಗೊಂಡು ಸಾಮಂತರು ಹೊಳ್ಯಾಗೇ ಖುಲ್ನಾ ಮುಟ್ಟಿದ್ರು. ನಮ್ಮ ವಿಮಾನದವರೇ ವೈರಿ ಅಂತ ತಿಳಿದು ಪದ್ಮಾ, ಪಲಾಶ್ ಎರಡೂ ಹೊಡದ್ರು. ನೀರಿಗಿ ಬಿದ್ದವರನ್ನ ಎತ್ತಿಕೊಂಡು ಉಳಿದೊಂದು ಪನ್ವೇಲ್ ಮ್ಯಾಲೇ ಕಾದಿದ್ರು. ಮಹಾವೀರ ಚಕ್ರ ಅದಕ್ಕ."

"ಇಷ್ಟೆಲ್ಲಾ ಮಾಡಿದವನ ಹೆಸರು ನಾ ಕೇಳೇ ಇಲ್ಲಲ್ಲೋ?"

"ಗುಪ್ತ ಕೆಲಸ ನೋಡ್ರಿ. ಸಾಮಂತರು ಪತ್ರಕರ್ತ ಸಂದೀಪ್ ಉನ್ನಿಥಾನ್ ಜೋಡಿ ಬರದ ‘ಆಪರೇಷನ್ ಎಕ್ಸ್’ ಪುಸ್ತಕ ಬಂದದ್ದು 2019ರಾಗ. ಅದೇ ವರ್ಷ ಮಾರ್ಚಿನಾಗ ಸಾಮಂತರು ಮುಂಬೈದಾಗ ತೀರಿಕೊಂಡ್ರು."

"ಹಂಗಾದ್ರ ಐವತ್ತು ವರ್ಷದ ಹತ್ತಿರ ಬಾಯಿ ಮುಚ್ಚಿಕೊಂಡಿದ್ದನಲ್ಲೋ! ಈಗಿನವರು ಒಂದು ನಳ ಹಾಕ್ಸಿದ್ರ ನಾಕು ಬ್ಯಾನರ್ ಕಟ್ಟಸ್ತಾರ. ಮ್ಯಾಲ ನಳದಾಗ ನೀರೂ ಬರಂಗಿಲ್ಲ."