ಸ್ಕಾ ಪಂಕ್ ಮೂಲ ನಿರ್ಣಯ ಅಥವಾ ಹಲಗಿ ಮೀಮಾಂಸೆ

ಪೀಠಿಕೆ

ಕೃಷ್ಣೆ, ಮಲಪ್ರಭೆ ಕೂಡುವಲ್ಲಿ ನಿಂತು ಯಾರು ಏನು ಹೇಳಿದರೂ ಸಿದ್ಧಾಂತದ ಹಾಗೆ ಕೇಳಿಸುತ್ತದೆ. ಕೂಡಲಸಂಗಮದ ಈ ಗುಣವನ್ನು ನೆಚ್ಚಿ ಪ್ರಸ್ತುತ ಪ್ರಬಂಧವನ್ನು ಇಲ್ಲಿಯ ವಿಚಾರ ಸಂಕಿರಣದಲ್ಲಿ ಮಂಡಿಸಲಾಗುತ್ತಿದೆ. ಪ್ರತಿಜ್ಞೆ ಇಷ್ಟು: ಸ್ಕಾ ಪಂಕ್ ಎಂಬ ಸಂಗೀತ ಹುಟ್ಟಿದ್ದು ಜಮೈಕಾದಲ್ಲಲ್ಲ, ಇಂಗ್ಲೆಂಡಿನಲ್ಲಲ್ಲ, ಅಮೆರಿಕದಲ್ಲಂತೂ ಅಲ್ಲವೇ ಅಲ್ಲ, ಬಾಗಲಕೋಟೆಯ ಹೋಳಿ ಹುಣ್ಣಿಮೆಯ ಹಲಗಿ ಮೇಳದಲ್ಲಿ. ವಿಮಾನದಿಂದ ಪ್ಲಾಸ್ಟಿಕ್ ಸರ್ಜರಿಯವರೆಗೆ ಎಲ್ಲವೂ ನಮ್ಮಲ್ಲೇ ಹುಟ್ಟಿದವೆಂದು ವೇದಿಕೆ ವೇದಿಕೆಯಲ್ಲಿ ಸಾಬೀತಾಗಿರುವಾಗ ಸ್ಕಾ ಪಂಕ್ ಒಂದನ್ನೇ ಅನಾಥವಾಗಿ ಬಿಡುವುದು ಧರ್ಮವಲ್ಲ.

ಪೂರ್ವಪಕ್ಷ

ಎದುರಾಳಿಗಳ ವಾದವನ್ನು ಮೊದಲು ಕೇಳಬೇಕೆಂಬುದು ಶಾಸ್ತ್ರದ ಕಟ್ಟಳೆ. ಅವರೆನ್ನುವುದು ಹೀಗೆ. 1950ರ ದಶಕದ ಕೊನೆಗೆ ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ ಸ್ಕಾ ಹುಟ್ಟಿತು. ಗಿಟಾರ್, ಪಿಯಾನೋಗಳ ಪೆಟ್ಟು ತಾಳದ ಮೇಲೆ ಬೀಳದೆ ಎರಡು ತಾಳಗಳ ನಡುವಿನ ಸಂದಿಯಲ್ಲಿ ಬೀಳುವುದು ಅದರ ಲಕ್ಷಣ. ಮೇಲಿನಿಂದ ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸಫೋನುಗಳ ಮೊಳಗು. ಅದನ್ನು ಮೊಳಗಿಸಿದವರಲ್ಲಿ ಹಲವರು ಆಲ್ಫಾ ಬಾಯ್ಸ್ ಸ್ಕೂಲಿನವರು. ಬಡ, ತಬ್ಬಲಿ ಮಕ್ಕಳಿಗೆಂದು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಶಾಲೆ ಅದು. ಡಾನ್ ಡ್ರಮ್ಮಂಡ್, ಟಾಮಿ ಮೆಕುಕ್ ಅಲ್ಲಿ ಕಲಿತು, 1964ರಲ್ಲಿ ಸ್ಕಾಟಲೈಟ್ಸ್ ತಂಡ ಕಟ್ಟಿದವರಲ್ಲಿ ಸೇರಿದರು.

ವಲಸೆ ಹೋದವರ ಜೊತೆ ಸ್ಕಾ ಇಂಗ್ಲೆಂಡ್ ಸೇರಿತು. 1979ರಲ್ಲಿ ಕವೆಂಟ್ರಿ ನಗರದಲ್ಲಿ ಜೆರ‍್ರಿ ಡ್ಯಾಮರ್ಸ್ ಟು ಟೋನ್ ಎಂಬ ರೆಕಾರ್ಡ್ ಕಂಪನಿ ತೆರೆದ. ಅವನ ದಿ ಸ್ಪೆಷಲ್ಸ್ ತಂಡದಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ನಿಂತು ನುಡಿಸಿದರು. ಕಪ್ಪು ಬಿಳುಪು ಚೌಕಗಳು ಅವರ ಲಾಂಛನ. ಆಮೇಲೆ ಅಮೆರಿಕದ ಹುಡುಗರು ಇದಕ್ಕೆ ಪಂಕಿನ ವೇಗವನ್ನೂ ಕೂಗನ್ನೂ ಬೆರೆಸಿದರು. ಬರ್ಕ್ಲಿಯ ಆಪರೇಷನ್ ಐವಿ 1987ರಲ್ಲಿ ಹುಟ್ಟಿ, 1989ರಲ್ಲಿ ಒಂದೇ ಆಲ್ಬಮ್ ಹೊರತಂದು, ಅದೇ ವರ್ಷ ಮುರಿದುಬಿತ್ತು. ಬಾಸ್ಟನ್ನಿನ ಮೈಟಿ ಮೈಟಿ ಬಾಸ್‌ಟೋನ್ಸ್ 1997ರಲ್ಲಿ ರೇಡಿಯೋ ತುಂಬ ಕೇಳಿಸಿತು. ಪೂರ್ವಪಕ್ಷ ಮುಗಿಯಿತು. ಇದರಲ್ಲಿರುವ ಒಂದೇ ದೋಷವೆಂದರೆ ಇದಕ್ಕೆ ಆಧಾರಗಳಿವೆ. ಆಧಾರವಿರುವ ಮಾತನ್ನು ಯಾರು ಬೇಕಾದರೂ ಆಡಬಹುದು. ಅದಕ್ಕೆ ಪಾಂಡಿತ್ಯವೇಕೆ ಬೇಕು?

ಶಿಲ್ಪ ಪ್ರಮಾಣ

ಬಾದಾಮಿಯ ಮೊದಲನೆಯ ಗುಹೆಯ ನಟರಾಜನಿಗೆ ಹದಿನೆಂಟು ಕೈಗಳು. ಇಷ್ಟು ಕೈ ಏಕೆ ಎಂದು ಕಲಾ ಇತಿಹಾಸಕಾರರು ತಲೆ ಕೆಡಿಸಿಕೊಂಡಿದ್ದಾರೆ. ಉತ್ತರ ಸರಳ. ಸ್ಕಾ ಪಂಕ್ ತಂಡವೊಂದಕ್ಕೆ ಗಾಯಕ, ಗಿಟಾರ್, ಬೇಸ್, ಕೀಬೋರ್ಡ್, ಡ್ರಮ್, ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸಫೋನ್ ಸೇರಿ ಎಂಟು ಜನ ಬೇಕು. ಕೈ ಹದಿನಾರಾದವು. ಉಳಿದೆರಡು ಯಾರವು? ಬಾಸ್‌ಟೋನ್ಸ್ ತಂಡದಲ್ಲಿ ಬೆನ್ ಕಾರ್ ಎಂಬುವನಿದ್ದ. ಯಾವ ವಾದ್ಯವನ್ನೂ ಮುಟ್ಟದೆ ವೇದಿಕೆಯ ಮೇಲೆ ಕುಣಿಯುವುದೇ ಅವನ ಹುದ್ದೆ. ಒಂಬತ್ತು ಜನ, ಹದಿನೆಂಟು ಕೈ. ಲೆಕ್ಕ ಚುಕ್ತಾ. ನಮ್ಮ ಹಲಗಿ ಮೇಳದಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಅವನ ಕೊರಳಲ್ಲಿ ಹಲಗಿ ಇರುವುದಿಲ್ಲ, ಬಾಯಲ್ಲಿ ಸಿಳ್ಳು ಮಾತ್ರ. ಆದರೆ ಎಲ್ಲರಿಗಿಂತ ಹೆಚ್ಚು ಬೆವರುವವನು ಅವನೇ.

ಗುಹೆಗಳ ಜಗಲಿಯುದ್ದಕ್ಕೂ ಕೆತ್ತಿರುವ ಕುಳ್ಳ ಗಣಗಳನ್ನು ನೋಡಿ. ಹೊಟ್ಟೆ ಕುಣಿಸುತ್ತ, ಕಾಲೆತ್ತಿ ಕೈಬೀಸುತ್ತ ನಿಂತಿವೆ. ಸ್ಕಾ ಅಭಿಮಾನಿಗಳ ಕುಣಿತವಾದ ಸ್ಕ್ಯಾಂಕಿಂಗಿನಲ್ಲಿ ನಿಂತಲ್ಲೇ ಓಡುವವನಂತೆ ಮೊಣಕಾಲು ಎತ್ತಬೇಕು, ಮೊಣಕೈ ಬೀಸಬೇಕು. ಆರನೆಯ ಶತಮಾನದ ಚಾಲುಕ್ಯರಿಗೆ ಇದು ಹೇಗೆ ಗೊತ್ತಾಯಿತೆಂಬ ಪ್ರಶ್ನೆಗೆ ವಿರೋಧಿಗಳ ಹತ್ತಿರ ಉತ್ತರವಿಲ್ಲ.

ನೇಯ್ಗೆ ಪ್ರಮಾಣ

ಟು ಟೋನಿನ ಚೌಕಗಳು ಇಳಕಲ್ಲಿನ ಚೌಕಡಿ ಸೀರೆಯಿಂದ ಕದ್ದವೆಂಬುದನ್ನು ಕಣ್ಣಿದ್ದವರು ಒಪ್ಪುತ್ತಾರೆ. ಇದಕ್ಕಿಂತ ದೊಡ್ಡ ಸಾಕ್ಷ್ಯ ಕೊಂಡಿ. ಇಳಕಲ್ ನೇಕಾರರು ಒಡಲಿನ ಹಾಸನ್ನು ಸೆರಗಿನ ರೇಷ್ಮೆ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಹತ್ತಿ, ಸೆರಗು ರೇಷ್ಮೆ, ಸೀರೆ ಒಂದೇ. ಸ್ಕಾ ಪಂಕ್ ಹಾಡಿನ ರಚನೆಯೂ ಬಹುಪಾಲು ಇದೇ. ನುಡಿ ಬಂದಾಗ ಸಂದಿಯಲ್ಲಿ ಪೆಟ್ಟು ಬೀಳುವ ಸ್ಕಾ. ಪಲ್ಲವಿ ಬಂದೊಡನೆ ಕರ್ಕಶ ಗಿಟಾರಿನ ಪಂಕ್. ಕೊಂಡಿ ಬಿಗಿಯಾಗಿದ್ದರೆ ಹಾಡು ನಿಲ್ಲುತ್ತದೆ, ಸಡಿಲಾದರೆ ಅರ್ಧ ತಾಸಿನಲ್ಲಿ ತಂಡವೇ ಒಡೆಯುತ್ತದೆ. ಆಪರೇಷನ್ ಐವಿಯವರು ಇಳಕಲ್ಲಿಗೆ ಬಂದು ಮಗ್ಗದ ಮುಂದೆ ಕೂತಿದ್ದರೆ ಇನ್ನೂ ನಾಲ್ಕು ವರ್ಷ ಬಾಳುತ್ತಿದ್ದರು.

ನಾದ ಪ್ರಮಾಣ

ಹೋಳಿ ಸಂಭ್ರಮದಲ್ಲಿ ಕೋಲ್ಕತ್ತ ಬಿಟ್ಟರೆ ಬಾಗಲಕೋಟೆ ಎಂಬುದು ಊರಿನ ಹಳೆಯ ಮಾತು. ಕೋಲ್ಕತ್ತದವರು ಈ ಮಾತನ್ನು ಕೇಳಿದ್ದಾರೋ ಇಲ್ಲವೋ ಎಂಬುದು ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಓಣಿಗಳಿಂದ ತುರಾಯಿ ಹಲಗಿ ಮೇಳಗಳು ಹೊರಡುತ್ತವೆ. ಟ್ರ್ಯಾಕ್ಟರಿನ ಮೇಲೆ ಬ್ಯಾರಲ್ ಬ್ಯಾರಲ್ ಬಣ್ಣ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಭಾಗವನ್ನು ನುಂಗಿ ಜನರನ್ನು ನವನಗರಕ್ಕೆ ಅಟ್ಟಿತು; ಹಲಗಿಯ ಸದ್ದನ್ನು ನುಂಗಲು ಅದಕ್ಕೂ ಆಗಲಿಲ್ಲ. ಟ್ರಂಪೆಟ್ಟಿನ ಜಾಗದಲ್ಲಿ ಸನಾದಿ, ಡ್ರಮ್ಮಿನ ಜಾಗದಲ್ಲಿ ಹಲಗಿ, ಗಿಟಾರಿನ ಜಾಗದಲ್ಲಿ ಇನ್ನೊಂದು ಹಲಗಿ. ಗಾಯಕನ ಮಾತು ಯಾರಿಗೂ ಕೇಳಿಸದು, ಪಂಕಿನಲ್ಲೂ ಕೇಳಿಸದು. ಇನ್ನೇನು ಬೇಕು?

ಭಕ್ತವರ್ಗ ಲಕ್ಷಣ

ಸ್ಕಾ ಅಭಿಮಾನಿಗಳಲ್ಲಿ ಮೂರು ಮತಗಳಿವೆ. ಜಮೈಕಾದ ಮೊದಲ ಅಲೆಯೇ ಸ್ಕಾ, ಉಳಿದದ್ದು ಗದ್ದಲ ಎನ್ನುವವರು ಆದ್ಯರು. ಟು ಟೋನಿನ ನಂತರ ಲೋಕ ಕೆಟ್ಟಿತು ಎನ್ನುವವರು ಮಧ್ಯಮರು. ಮೂರನೆಯ ಅಲೆಯವರು ವಾದಿಸುವುದಿಲ್ಲ, ಕುಣಿಯುತ್ತಾರೆ. ಆದ್ದರಿಂದ ಅವರನ್ನು ಪಂಡಿತರೆಂದು ಎಣಿಸುವಂತಿಲ್ಲ. ಸ್ಕಾ ಸತ್ತಿತೆಂದು ಪ್ರತಿ ಹತ್ತು ವರ್ಷಕ್ಕೊಮ್ಮೆ ಶ್ರಾದ್ಧ ಮಾಡುವುದು ಮೂರೂ ಮತಗಳ ಸಮಾನ ಆಚಾರ.

ನಮ್ಮಲ್ಲೂ ಈ ಮತಭೇದ ಪಕ್ವವಾಗಿದೆ. ಚರ್ಮದ ಹಲಗಿಯನ್ನು ಬೆಂಕಿಗೆ ಹಿಡಿದು ಕಾಯಿಸಿದ ಹಿರಿಯರು, ಫೈಬರ್ ಹಲಗಿ ಹಿಡಿದ ಹುಡುಗರನ್ನು ಕಂಡರೆ, "ಅದು ಹಲಗೀನ ಅಲ್ಲ ಬಿಡೋ ತಮ್ಮಾ, ಡಬ್ಬಿ" ಎನ್ನುತ್ತಾರೆ. "ಹಂಗಾರ ನೀವು ಕಾಯಿಸ್ಕೋತ ಕುಂದರ‍್ರಿ ಕಾಕಾ, ನಾವು ಬಾರಸ್ತೀವಿ" ಎಂದು ಹುಡುಗರು ಮುಂದಿನ ಓಣಿಗೆ ಹೋಗುತ್ತಾರೆ. ಆದ್ಯರಿಗೂ ಮೂರನೆಯ ಅಲೆಯವರಿಗೂ ಜಗತ್ತಿನಲ್ಲಿ ಇದಕ್ಕಿಂತ ಚೊಕ್ಕ ಸಂವಾದ ನಡೆದಿಲ್ಲ.

ಆಕ್ಷೇಪ, ಸಮಾಧಾನ

ಭಾರತದಲ್ಲಿ ಸ್ಕಾ ತಂಡ ಹುಟ್ಟಿದ್ದು ದೆಹಲಿಯಲ್ಲಿ, 2009ರಲ್ಲಿ, ದಿ ಸ್ಕಾ ವೆಂಜರ್ಸ್ ಎಂಬ ಹೆಸರಿನಲ್ಲಿ, ಬಾಗಲಕೋಟೆಯಲ್ಲಲ್ಲವಲ್ಲ? ಸಮಾಧಾನ: ನಮ್ಮ ಪಾಲಿನದನ್ನು ದೆಹಲಿ ತೆಗೆದುಕೊಳ್ಳುವುದು ಹೊಸತೇನಲ್ಲ.

ಇನ್ನೊಂದು ಆಕ್ಷೇಪ ಸ್ವಲ್ಪ ತೊಡಕಿನದು. ಹಲಗಿ ತಲೆತಲಾಂತರದಿಂದ ದಲಿತ ಕೇರಿಗೆ ಹೊರಿಸಿದ ವಾದ್ಯ. ಹೋಳಿಯ ದಿನಗಳಲ್ಲಿ ಎಲ್ಲ ಜಾತಿಯವರೂ ಅದನ್ನು ಕೊರಳಿಗೆ ಹಾಕಿಕೊಂಡು ಮೆರೆಯುತ್ತಾರೆ. ಬಣ್ಣ ತೊಳೆದ ಮೇಲೆ ವಾದ್ಯವೂ ಅದರ ಜೊತೆಗಿನ ಹೀನಾಯವೂ ಕೇರಿಗೆ ವಾಪಸು. ಹೀಗಿರುವಾಗ ಹಲಗಿಯ ಕೀರ್ತಿ ಯಾರದು? ಸಮಾಧಾನಕ್ಕೆ ಜಮೈಕಾದ ಮೇಲ್ಪಂಕ್ತಿಯೇ ಇದೆ. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಸ್ಕಾ ಕಳಿಸಬೇಕೆಂದು ಜಮೈಕಾ ಸರ್ಕಾರ ತೀರ್ಮಾನಿಸಿದಾಗ ವಾದ್ಯ ನುಡಿಸಲು ಹೋದದ್ದು ಸ್ಕಾಟಲೈಟ್ಸ್ ಅಲ್ಲ. ಉಳ್ಳವರ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದ ಬೈರನ್ ಲೀ ತಂಡ. ಸಂಗೀತ ಎಲ್ಲಿಯಾದರೂ ಹುಟ್ಟಲಿ, ಪ್ರಯಾಣ ಭತ್ಯೆ ಮಾತ್ರ ಇಸ್ತ್ರಿ ಅಂಗಿಯವರಿಗೆ ಸಲ್ಲಬೇಕೆಂಬ ಈ ನಿಯಮ ಕಿಂಗ್‌ಸ್ಟನ್ನಿನಲ್ಲೂ ನಮ್ಮಲ್ಲೂ ಒಂದೇ ಆಗಿದೆ. ಎರಡು ಸಂಸ್ಕೃತಿಗಳ ಮೂಲ ಒಂದೇ ಎನ್ನಲು ಈ ಪ್ರಬಂಧದಲ್ಲಿ ಅಲುಗಾಡದ ಸಾಕ್ಷ್ಯವೆಂದರೆ ಇದೇ.

ನಿರ್ಣಯಗಳು

ಒಂದು: ಜಮೈಕಾ, ಇಂಗ್ಲೆಂಡ್, ಅಮೆರಿಕಗಳು ಮುಂದಿನ ಹೋಳಿಯೊಳಗೆ ಸ್ಕಾ ಪಂಕನ್ನು ಬಾಗಲಕೋಟೆಗೆ ಮರಳಿಸತಕ್ಕದ್ದು, ಸಾಗಣೆ ವೆಚ್ಚ ಅವರದೇ.

ಎರಡು: ಹಲಗಿಯ ವಿಶ್ವವ್ಯಾಪ್ತಿಯ ಕುರಿತು ಪ್ರಬಂಧ ಮಂಡಿಸಿದ ಪ್ರತಿಯೊಬ್ಬರಿಗೂ ಶಾಲು, ಫಲತಾಂಬೂಲ, ಸ್ಮರಣಿಕೆ ನೀಡತಕ್ಕದ್ದು.

ಮೂರು: ಹಲಗಿ ಮೇಳದವರು ಅತಿಥಿಗಳನ್ನು ದ್ವಾರದಿಂದ ಸಭಾಂಗಣದ ಬಾಗಿಲವರೆಗೆ ಬಾರಿಸುತ್ತ ಕರೆತರತಕ್ಕದ್ದು. ಹಲಗಿ ಕಾಯಿಸಲು ಬೆಂಕಿ ಬೇಕಾಗುವುದರಿಂದ, ವೇದಿಕೆಯ ಪರದೆಯ ಸುರಕ್ಷತೆಗಾಗಿ ಅವರು ಒಳಗೆ ಬರತಕ್ಕದ್ದಲ್ಲ. ಫೈಬರ್ ಹಲಗಿಯವರಿಗೂ ಇದೇ ನಿಯಮ.

ನಾಲ್ಕು: ಬಸವಣ್ಣನವರು ಐಕ್ಯರಾದ ಈ ಸ್ಥಳದ ಮಹಿಮೆಗೆ ತಕ್ಕಂತೆ ಸಮಾನತೆಯ ಮೇಲಿನ ಭಾಷಣವನ್ನು ಉದ್ಘಾಟಕರು ಬೆಳಿಗ್ಗೆಯೇ ಮುಗಿಸಿದ್ದಾರೆ. ಆದ್ದರಿಂದ ಅದರ ಪಾಲನೆಯ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಿಲ್ಲ.