ಬ್ರೇಕ್ ರಾಯರು

ಬನಶಂಕರಿ ಎರಡನೇ ಸ್ಟೇಜಿನ ಒಂದು ಅಡ್ಡರಸ್ತೆಯಲ್ಲಿ ಸಂಜೆ ಆರರ ಹೊತ್ತಿಗೆ ಒಬ್ಬರು ಗೇಟಿಗೊರಗಿ, ಕಣ್ಣು ಅರ್ಧ ಮುಚ್ಚಿ, ಏನನ್ನೋ ಆಲಿಸುತ್ತ ನಿಂತಿರುತ್ತಾರೆ. ಹೊಸಬರು ಕಂಡರೆ, ಎಲ್ಲೋ ಕಛೇರಿ ನಡೀತಿದೆ, ರಾಗ ಹುಡುಕುತ್ತಿದ್ದಾರೆ ಎಂದುಕೊಳ್ಳಬೇಕು. ತಿರುವಿನ ಹಂಪಿನ ಹತ್ತಿರ ಒಂದು ಕಾರು ಕೀಂಯ್ ಎಂದು ನಿಧಾನವಾಗುತ್ತದೆ. "ಮುಂದಿನ ಎಡಚಕ್ರ. ಪ್ಯಾಡ್ ಸವೆದಿದೆ. ಮೂರು ಮಿಲಿಮೀಟರ್ ಉಳಿದಿದ್ರೆ ಅವನ ಪುಣ್ಯ," ಎಂಬ ತೀರ್ಪು ಹೊರಬೀಳುತ್ತದೆ. ಕೇಳಲು ಯಾರೂ ಇಲ್ಲದಿದ್ದರೆ, ಹಾಲು ತರಲು ಹೊರಟ ಎದುರುಮನೆಯ ಹುಡುಗನಾದರೂ ಸರಿ.

ಅವರ ಮನೆಮಂದಿ ಇಟ್ಟ ಹೆಸರು ಬೀದಿಗೆ ಮರೆತುಹೋಗಿದೆ. ಬ್ರೇಕ್ ರಾಯರು ಎಂದರೆ ಕೊರಿಯರ್ ಹುಡುಗನೂ ಮನೆ ತೋರಿಸುತ್ತಾನೆ. ನಿವೃತ್ತರಾದವರಿಗೆ ಏನಾದರೊಂದು ಅಂಟಿಕೊಳ್ಳುವುದು ಬಡಾವಣೆಯ ಪದ್ಧತಿ. ಒಬ್ಬರಿಗೆ ಹೋಮಿಯೋಪಥಿ, ಒಬ್ಬರಿಗೆ ತಾರಸಿ ತೋಟ, ಮತ್ತೊಬ್ಬರಿಗೆ ವಾಸ್ತು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸಾಲ ಕೊಟ್ಟು, ವಸೂಲಿ ಮಾಡಲು ಓಡಾಡಿ ಬಂದ ರಾಯರಿಗೆ ಅಂಟಿದ್ದು ಬ್ರೇಕು.

ಅಂಟಿದ್ದಲ್ಲ, ಬಡಿದದ್ದು. ಅವರ ಸಣ್ಣ ಕಾರಿನ ಮುಂಚಕ್ರ ಎರಡು ತಿಂಗಳಿಂದ ಸಣ್ಣಗೆ ಹಾಡುತ್ತಿತ್ತು. ಅನೇಕ ಪ್ಯಾಡುಗಳಿಗೆ ಒಂದು ತೆಳು ಉಕ್ಕಿನ ಪಟ್ಟಿ ಇರುತ್ತದೆ. ಪ್ಯಾಡ್ ಸವೆದು ತೆಳುವಾದಾಗ ಅದು ಡಿಸ್ಕಿಗೆ ಉಜ್ಜಿ ಕಿರುಚಲೆಂದೇ ಇರುವುದು. ರಾಯರು ಅದಕ್ಕೆ ಕಂಡುಕೊಂಡ ಪರಿಹಾರ, ರೇಡಿಯೋದ ಸದ್ದು ಜೋರು ಮಾಡುವುದು. ಮೂರನೇ ತಿಂಗಳು ಕಿರುಚಾಟ ನಿಂತು ಗರಗಸದ ಸದ್ದು ಶುರುವಾಯಿತು. ಪ್ಯಾಡಿನ ಮಸಾಲೆಯೆಲ್ಲ ತೀರಿ, ಹಿಂದಿನ ಕಬ್ಬಿಣದ ತಟ್ಟೆ ಡಿಸ್ಕನ್ನು ಉಳುತ್ತಿತ್ತು. ಪ್ಯಾಡಿನ ದುಡ್ಡಿನಲ್ಲಿ ಮುಗಿಯಬೇಕಿದ್ದದ್ದು ಡಿಸ್ಕಿಗೂ ಬಿತ್ತು. ಬಿಲ್ಲನ್ನು ಮೂರು ಸಲ ಓದಿದ ರಾಯರು, "ಇನ್ನು ಮೇಲೆ ನಾನೇ ನೋಡ್ಕೋತೀನಿ," ಎಂದರು. ಹೆಂಡತಿ ಆ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅದು ಅವರು ಮಾಡಿದ ತಪ್ಪು.

ವಿದ್ಯಾಭ್ಯಾಸ ಊಟದ ಮೇಜಿನ ಮೇಲೆ ಆರಂಭವಾಯಿತು. ಮೆಡಿಕಲ್ ಶಾಪಿನಿಂದ ಐದು ಎಂಎಲ್‌ನದೊಂದು, ಇಪ್ಪತ್ತು ಎಂಎಲ್‌ನದೊಂದು ಸಿರಿಂಜು ತಂದರು. ಅಂಗಡಿಯವನು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೊಟ್ಟ. ಎರಡಕ್ಕೂ ನಡುವೆ ಒಂದು ಪ್ಲಾಸ್ಟಿಕ್ ಕೊಳವೆ, ಒಳಗೆ ನೀರು. ಸಣ್ಣದನ್ನು ಮೊಮ್ಮಗಳು ಒಂದು ಬೆರಳಿನಲ್ಲಿ ಒತ್ತಿದರೆ, ದೊಡ್ಡದರ ಮೇಲಿದ್ದ ರಾಯರ ಹೆಬ್ಬೆರಳು ಎಷ್ಟು ಬಿಗಿಹಿಡಿದರೂ ಮೇಲೆದ್ದುಬಿಡುತ್ತಿತ್ತು. ಹದಿನೇಳನೇ ಶತಮಾನದ ಫ್ರಾನ್ಸಿನ ಪಾಸ್ಕಲ್ ಕಂಡುಕೊಂಡದ್ದು ಇಷ್ಟೇ: ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ, ಮೇಲ್ಮೈ ದೊಡ್ಡದಾದಷ್ಟೂ ತಳ್ಳುವ ಬಲವೂ ದೊಡ್ಡದು. ಪೆಡಲಿನ ಕೆಳಗಿನ ಮಾಸ್ಟರ್ ಸಿಲಿಂಡರ್ ಸಣ್ಣ ಸಿರಿಂಜು, ಚಕ್ರದ ಹತ್ತಿರದ ಕ್ಯಾಲಿಪರ್ ದೊಡ್ಡ ಸಿರಿಂಜು. ಅರವತ್ತು ಕಿಲೋ ತೂಗುವ ಮನುಷ್ಯ ಒಂದು ಟನ್ನಿನ ಗಾಡಿಯನ್ನು ಕಾಲ್ಬೆರಳಲ್ಲಿ ನಿಲ್ಲಿಸುವ ಗುಟ್ಟು ಇಲ್ಲಿಂದ ಶುರು. ಇದು ತಿಳಿದ ರಾತ್ರಿ ರಾಯರಿಗೆ ನಿದ್ದೆ ಬರಲಿಲ್ಲವಂತೆ. ಮೊಮ್ಮಗಳು ಮಾತ್ರ ಸಿರಿಂಜಿನಲ್ಲಿ ಬೆಕ್ಕಿಗೆ ನೀರು ಹಾರಿಸಿ ಸುಖವಾಗಿ ಮಲಗಿದಳು.

ಪುಸ್ತಕದ ವಿದ್ಯೆ ತಲೆಗೇರಿದ ಮೇಲೆ ಅದು ಬಾಯಿಂದ ಇಳಿಯಲೇಬೇಕು. ಅರಳಿಕಟ್ಟೆಯ ಕೆಳಗೆ ಚಪ್ಪಲಿ ಹೊಲಿಯುವವನ ಮುಂದೆ ಕುಕ್ಕರುಗಾಲಲ್ಲಿ ಕೂತು ರಾಯರು ಬರ್ಥಾ ಬೆಂಜ್ ಕತೆ ಹೇಳಿದರು. 1888ರ ಆಗಸ್ಟಿನಲ್ಲಿ ಆ ಮಹಾತಾಯಿ ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಅವನು ಕಟ್ಟಿದ ಮೂರು ಚಕ್ರದ ಮೋಟಾರು ಗಾಡಿಯನ್ನು ಮಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ವರೆಗೆ ಓಡಿಸಿದಳು. ನೂರು ಕಿಲೋಮೀಟರಿಗೂ ಮೀರಿದ ದಾರಿ. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದಾಗ ಒಬ್ಬ ಚಮ್ಮಾರನನ್ನು ಹುಡುಕಿ, ಅದಕ್ಕೆ ತೊಗಲು ಬಡಿಸಿಕೊಂಡಳು. "ಪ್ರಪಂಚದ ಮೊದಲನೇ ಬ್ರೇಕ್ ಲೈನಿಂಗ್ ಹಾಕಿದ್ದು ನಿಮ್ಮೋರೇ ಕಣಯ್ಯ," ಎಂದು ರಾಯರು ಭಾವುಕರಾದರು. ಅವನು ಬಾಯಲ್ಲಿದ್ದ ಮೊಳೆ ತೆಗೆಯದೆಯೇ, "ಹಂಗಾರೆ ಕಾರೂ ತಕಬನ್ನಿ ಸ್ವಾಮಿ, ಒಟ್ಟಿಗೇ ಹೊಡ್ಕೊಡ್ತೀನಿ," ಎಂದ.

ಪ್ರಾಯೋಗಿಕ ಪಾಠಕ್ಕೆ ಸಿಕ್ಕ ಗುರು ರಿಂಗ್ ರೋಡಿನ ಬದಿಯ ಒಂದು ಶೆಡ್ಡಿನ ಮೇಸ್ತ್ರಿ. ಮೊದಲ ಒಂದು ವಾರ ರಾಯರನ್ನು ಬಿಲ್ ತಕರಾರಿಗೆ ಬಂದವರೆಂದೇ ತಿಳಿದಿದ್ದ ಆತ, ಕೊನೆಗೆ ಒಂದು ಸ್ಟೂಲು ಕೊಟ್ಟ. ಯಂತ್ರ ಗಿಂತ್ರ ತೆಗೆಯುವ ಮೊದಲು ಮೇಸ್ತ್ರಿ ಕಾಲಿನಲ್ಲೇ ನಾಡಿ ನೋಡುತ್ತಿದ್ದ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನೊಳಗೆ ಗಾಳಿ. ಗಾಳಿ ಅಮುಕಿಕೊಳ್ಳುತ್ತದೆ, ಎಣ್ಣೆ ಅಮುಕಿಕೊಳ್ಳುವುದಿಲ್ಲ. ಮೊದಲು ಗಟ್ಟಿಯಿದ್ದು, ಕಾಲಿಟ್ಟುಕೊಂಡೇ ಇದ್ದರೆ ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಕಪ್ ಹೋಗಿದೆ. ಕಲ್ಲಿನಂತೆ ಗಟ್ಟಿಯಾಗಿ, ನಿಂತು ತುಳಿದರೂ ಗಾಡಿ ನಿಲ್ಲದಿದ್ದರೆ ಬೂಸ್ಟರಿಗೆ ವ್ಯಾಕ್ಯೂಮ್ ಸಿಗುತ್ತಿಲ್ಲ.

ರಾಯರಿಗೆ ಇದು ಪರಿಚಿತ ಲೋಕವಾಗಿ ಕಂಡಿತು. ಮೂರೂ ಥರದ ಸಾಲಗಾರರನ್ನು ಅವರು ಕಂಡಿದ್ದರು. ಮೆತ್ತನೆಯವನು ಎಲ್ಲದಕ್ಕೂ ಹೂಂ ಸಾರ್ ಅಂದು ಏನೂ ಕಟ್ಟುವುದಿಲ್ಲ. ಮೆಲ್ಲಗೆ ಇಳಿಯುವವನು ಮೊದಲೆರಡು ಕಂತು ಸರಿಯಾಗಿ ಕಟ್ಟಿ ಆಮೇಲೆ ಮಾಯವಾಗುತ್ತಾನೆ. ಕಲ್ಲಿನಂಥವನಿಗೆ ಎಂಎಲ್‌ಎ ಗೊತ್ತು. ಈ ವರ್ಗೀಕರಣವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮೇಸ್ತ್ರಿಗೆ ಓದಿ ಹೇಳಿದರು. ಬೂಸ್ಟರ್ ಪರೀಕ್ಷೆಯನ್ನೂ ಆವತ್ತೇ ಕಲಿತರು: ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿ ಮಾಡಿಕೊಳ್ಳಬೇಕು, ಕಾಲು ಹಾಗೇ ಇಟ್ಟು ಎಂಜಿನ್ ಚಾಲೂ ಮಾಡಬೇಕು. ಪೆಡಲ್ ಒಂದು ಚೂರು ಕೆಳಗೆ ಜಾರಿದರೆ ಬೂಸ್ಟರ್ ಬದುಕಿದೆ. ಆ ವಾರ ಅವರ ಮನೆಗೆ ಬಂದ ನೆಂಟರ ಕಾರುಗಳೆಲ್ಲ ಕಾಫಿಗೆ ಮುಂಚೆ ಈ ಪರೀಕ್ಷೆ ಪಾಸು ಮಾಡಬೇಕಾಯಿತು.

ಹಿಂಚಕ್ರದ ಡ್ರಮ್ ಬಿಚ್ಚಿದ ಭಾನುವಾರ ಮಾತ್ರ ಚರಿತ್ರಾರ್ಹ. ಡ್ರಮ್ಮಿನೊಳಗೆ ಎರಡು ಲಾಳಾಕಾರದ ಶೂಗಳು. ಚಕ್ರ ಮುಂದಕ್ಕೆ ತಿರುಗುವಾಗ ಒಂದು ಶೂ ಡ್ರಮ್ಮಿನ ಜೊತೆಗೇ ಎಳೆದುಕೊಂಡು ಹೋಗಿ ತಾನಾಗಿ ಇನ್ನಷ್ಟು ಬಿಗಿಯುತ್ತದೆ. ಇನ್ನೊಂದಕ್ಕೆ ಆ ಸೌಭಾಗ್ಯವಿಲ್ಲ. ಆಫೀಸಿನಲ್ಲಿ ಕೆಲಸ ಮಾಡುವವರು, ಹಾಜರಿ ಹಾಕುವವರು ಇದ್ದಂತೆ ಎಂದು ರಾಯರ ವ್ಯಾಖ್ಯಾನ. ಇವೆರಡನ್ನೂ ಹಿಡಿದಿಡಲು ಸ್ಪ್ರಿಂಗುಗಳು, ಪಿನ್ನುಗಳು, ಹ್ಯಾಂಡ್‌ಬ್ರೇಕಿನ ಸನ್ನೆ, ಅಡ್ಜಸ್ಟರು. ಬಿಚ್ಚಿದರೆ ಮದುವೆ ಮನೆಯ ಪಾತ್ರೆಯಂತೆ ಹರಡಿಕೊಳ್ಳುತ್ತವೆ. ಯಾವ ಶೆಡ್ಡಿನ ಹುಡುಗನೂ ಮೊದಲ ದಿನವೇ ಕಲಿಯುವ ಒಂದು ನಿಯಮವಿದೆ: ಒಂದು ಕಡೆಯದನ್ನು ಮಾತ್ರ ಬಿಚ್ಚು, ಇನ್ನೊಂದು ಕಡೆಯದನ್ನು ನೋಡಿಕೊಂಡು ಜೋಡಿಸು. ಎರಡೂ ಕಡೆ ಒಟ್ಟಿಗೇ ಬಿಚ್ಚಿ, ಭಾಗಗಳನ್ನು ಒಂದೇ ಬೋಗುಣಿಗೆ ಹಾಕಿ ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ರಾಯರಿಗೆ ಈ ನಿಯಮ ಹೊಳೆಯಿತು. ಕತ್ತಲಾಗುವ ಹೊತ್ತಿಗೆ ಡ್ರಮ್ಮುಗಳು ಮುಚ್ಚಿದವು. ಒಂದು ಸ್ಪ್ರಿಂಗ್ ಮಿಕ್ಕಿತು.

ಅದನ್ನವರು ಶೇವಿಂಗ್ ಡಬ್ಬಿಯಲ್ಲಿ ಬಚ್ಚಿಟ್ಟರು. ಸೋಮವಾರ ಬೆಳಿಗ್ಗೆ ಹೆಂಡತಿ ಅದನ್ನು ಕಾಫಿ ಲೋಟದ ಪಕ್ಕ ತಂದಿಟ್ಟು, "ಇದು ಎಲ್ಲಿದು ಅಂತ ಗೊತ್ತಾಗೋ ತನಕ ನಾನು ಗಾಡಿ ಹತ್ತಲ್ಲ ರೀ," ಎಂದರು. ಮೇಸ್ತ್ರಿ ಬಂದು ಎರಡೂ ಡ್ರಮ್ ಮತ್ತೆ ಬಿಚ್ಚಿದ. ಒಂದು ಮಾತಾಡಲಿಲ್ಲ. ಶೂಗಳಿಗೆ ಸೀಮೆಎಣ್ಣೆ ಸೋಕಿದ್ದು ಕಂಡು ಹೊಸ ಶೂ ತರಿಸಿದ. ರಬ್ಬರಿನ ಕಪ್‌ಗಳನ್ನೂ ಬದಲಿಸಿದ, ಏಕೆಂದರೆ ಪೆಟ್ರೋಲು, ಸೀಮೆಎಣ್ಣೆ, ಎಂಜಿನ್ ಆಯಿಲ್ ಯಾವುದು ತಾಗಿದರೂ ಬ್ರೇಕಿನ ರಬ್ಬರು ನೀರಲ್ಲಿ ನೆನೆದ ಕಡಲೆಯಂತೆ ಉಬ್ಬುತ್ತದೆ.

ಕಪ್ ಬದಲಿಸಿದ ಮೇಲೆ ಗಾಳಿ ತೆಗೆಯಬೇಕು. "ಇದೊಂದನ್ನ ನಾನೇ ಮಾಡ್ತೀನಿ," ಎಂದು ರಾಯರು ಹಟ ಹಿಡಿದರು. ಇದು ಇಬ್ಬರ ಕೆಲಸ. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದೆ ಮಲಗಿ ನಿಪ್ಪಲ್ ಸಡಿಲಿಸಬೇಕು. ಎಣ್ಣೆಯ ಜೊತೆ ಗುಳ್ಳೆ ಬರುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ನಿಪ್ಪಲ್ ಬಿಗಿಯಾದ ಮೇಲೆಯೇ ಪೆಡಲ್ ಬಿಡಬೇಕು, ಮೊದಲೇ ಬಿಟ್ಟರೆ ಹೋದ ಗಾಳಿ ವಾಪಸು ಬರುತ್ತದೆ. ಹೆಂಡತಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ರಾಯರು ಕೆಳಗೆ ಮಲಗಿದರು.

"ಒತ್ತು!"

"ಒತ್ತಿದೆ."

"ಹಿಡ್ಕೋ... ಹಿಡ್ಕೋ... ಬಿಡ್ಬೇಡ..."

ಅಡುಗೆಮನೆಯಿಂದ ಕುಕ್ಕರ್ ಮೂರನೇ ಸಲ ಕೂಗಿತು. ಪೆಡಲ್ ಮೇಲೆ ಕಾಲಿರಲಿಲ್ಲ, ಸೀಟಿನಲ್ಲಿ ಹೆಂಡತಿ ಇರಲಿಲ್ಲ. ಕೆಳಗಿನಿಂದ ಒಂದು ಆರ್ತನಾದ ಬಂತು. "ಮೂರು ಕೂಗಿಗೆ ಬೇಳೆ ಬೇಯತ್ತೆ. ನಿಮ್ಮ ಗಾಡಿ ಬೇಯೋ ತನಕ ಕಾಯಕ್ಕಾಗಲ್ಲ," ಎಂದು ಕಿಟಕಿಯಿಂದ ಉತ್ತರ. ಎರಡನೇ ಸಲ ಕೂತರು. ಈ ಸಲ ಎಲ್ಲ ಸರಿಯಿತ್ತು, ಬಾನೆಟ್ಟಿನೊಳಗಿನ ಡಬ್ಬಿಯಲ್ಲಿ ಎಣ್ಣೆ ಖಾಲಿಯಾದದ್ದನ್ನು ಮಾತ್ರ ಇಬ್ಬರೂ ನೋಡಲಿಲ್ಲ. ಡಬ್ಬಿ ಬರಿದಾದರೆ ಮಾಸ್ಟರ್ ಸಿಲಿಂಡರ್ ಗಾಳಿಯನ್ನೇ ಕುಡಿಯುತ್ತದೆ, ಮತ್ತೆ ಮೊದಲಿಂದ. ಗೇಟಿನ ಹತ್ತಿರ ಬೀಡಿ ಸೇದುತ್ತಿದ್ದ ಮೇಸ್ತ್ರಿ ಆಗ ಬಾಯಿಬಿಟ್ಟ: "ಪೈಪಿನ ತುದಿ ಬಾಟ್ಲಿ ಎಣ್ಣೇಲಿ ಮುಳುಗಿರ್ಲಿ ಸಾರ್. ಅಮ್ಮಾವ್ರು ಕಾಲು ಬಿಟ್ರೂ ಗಾಳಿ ಬದ್ಲು ಎಣ್ಣೆ ಎಳ್ಕೊಳತ್ತೆ." ಮುಂಚೆಯೇ ಯಾಕೆ ಹೇಳಲಿಲ್ಲ ಎಂದರೆ, "ನೀವು ಕೇಳ್ಲಿಲ್ವಲ್ಲ ಸಾರ್."

ಅಂದಿನಿಂದ ಬ್ರೇಕ್ ಆಯಿಲ್ ವಿಷಯದಲ್ಲಿ ರಾಯರದ್ದು ಮಡಿ. ಗಾಳಿಯ ತೇವವನ್ನು ಆ ಎಣ್ಣೆ ಮಳೆಗಾಲದ ಹಪ್ಪಳದಂತೆ ಹೀರಿಕೊಳ್ಳುತ್ತದೆ. ಡಾಟ್ 4 ಗುಣಮಟ್ಟದ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ನಿಯಮವೇ 155 ಡಿಗ್ರಿಗೆ ಇಳಿದುಬಿಡುತ್ತದೆ. ಘಾಟಿಯಲ್ಲಿ ಕಾಲು ತೆಗೆಯದೆ ಬ್ರೇಕ್ ಒತ್ತುತ್ತ ಇಳಿದರೆ ಎಣ್ಣೆ ಕುದಿದು ಆವಿ ಹುಟ್ಟಿ, ಪೆಡಲ್ ಸೀದಾ ನೆಲ ಮುಟ್ಟುತ್ತದೆ. ಹೀಗಾಗಿ ಅವರ ಮನೆಯಲ್ಲಿ ಮುಚ್ಚಳ ಸಡಿಲವಾದ ಉಪ್ಪಿನಕಾಯಿ ಭರಣಿಗೆ ಕ್ಷಮೆ ಉಂಟು, ಎಣ್ಣೆ ಬಾಟಲಿಗೆ ಇಲ್ಲ. ಅದೇ ಎಣ್ಣೆ ಬಣ್ಣವನ್ನೂ ತಿನ್ನುತ್ತದೆ ಎಂಬುದಕ್ಕೆ ಅವರ ಕಾರಿನ ಎಡ ಮಡ್‌ಗಾರ್ಡಿನ ಮೇಲೆ ಶ್ರೀಲಂಕಾ ಆಕಾರದ ಒಂದು ಸಾಕ್ಷಿ ಇದೆ.

ಇಷ್ಟೆಲ್ಲ ಆಡಿಕೊಂಡ ಮೇಲೆ ಒಂದು ವಿಷಯ ಹೇಳದಿದ್ದರೆ ಅನ್ಯಾಯ. ಪಕ್ಕದ ಮನೆಯ ಡಾಕ್ಟರ ಕಾರಿನ ಮುಂದಿನ ಬಲಚಕ್ರ ಎಲ್ಲಿಗೆ ಹೋಗಿ ಬಂದರೂ ದೋಸೆಕಾವಲಿಯಂತೆ ಕಾಯುತ್ತಿತ್ತು. ಒಂದು ಗ್ಯಾರೇಜಿನವರು ಕ್ಯಾಲಿಪರ್ ಬದಲಿಸಿದರು, ಕಾವು ಹೋಗಲಿಲ್ಲ. ಇನ್ನೊಬ್ಬರು ಮಾಸ್ಟರ್ ಸಿಲಿಂಡರ್ ಎಂದರು. ರಾಯರು ಜಾಕಿ ಕೊಟ್ಟು ಚಕ್ರ ಎತ್ತಿ, ಬ್ರೇಕ್ ಒತ್ತಿ ಬಿಡಲು ಹೇಳಿದರು. ಚಕ್ರ ಬಿಗಿದೇ ಇತ್ತು. ಉಕ್ಕಿನ ಪೈಪು ರಬ್ಬರ್ ಹೋಸಿಗೆ ಸೇರುವ ಜಾಯಿಂಟ್ ಸಡಿಲಿಸಿದರು, ಆಗಲೂ ಬಿಗಿ. ಕೆಳಗಿನ ನಿಪ್ಪಲ್ ಸಡಿಲಿಸಿದರು. ಎಣ್ಣೆ ಚಿಮ್ಮಿ ಚಕ್ರ ಗಿರ್ರನೆ ತಿರುಗಿತು. ಅಂದರೆ ಒತ್ತಡ ಸಿಕ್ಕಿಬಿದ್ದಿರುವುದು ಎರಡರ ನಡುವೆ, ಹೋಸಿನಲ್ಲಿ. ಹೊರಗೆ ಚೆನ್ನಾಗಿ ಕಾಣುವ ಹಳೆಯ ಹೋಸು ಒಳಗೆ ಊದಿ ಮುಚ್ಚಿಕೊಂಡಿತ್ತು. ಕಾಲಿನ ಬಲಕ್ಕೆ ಎಣ್ಣೆ ಒಳನುಗ್ಗುತ್ತದೆ. ಹಿಂದಿರುಗಿಸಲು ಪಿಸ್ಟನ್ನಿನ ಸುತ್ತಲಿನ ರಬ್ಬರ್ ಉಂಗುರದ ಸಣ್ಣ ಸೆಳೆತ ಬಿಟ್ಟರೆ ಬೇರೆ ಬಲವಿಲ್ಲ, ಅದು ಸಾಲುವುದಿಲ್ಲ. ಕೊಟ್ಟ ಸಾಲದ ಸ್ವಭಾವವೇ ಇದಾದ್ದರಿಂದ ರಾಯರಿಗೆ ಬೇಗ ಹೊಳೆದಿರಬೇಕು. ಜೆ.ಸಿ. ರಸ್ತೆಗೆ ಹೋಗಿ ಹೊಸ ಹೋಸು ತಂದದ್ದು ಸ್ವತಃ ಅವರೇ. ಮೇಸ್ತ್ರಿ ಅದನ್ನು ಹಾಕಿ, ಗಾಳಿ ತೆಗೆದು, ಡಾಕ್ಟರಿಗೆ, "ಸಾರ್ ಹೇಳಿದ್ದು ಕರೆಕ್ಟು," ಎಂದ. ಆ ಮೂರು ಪದ ರಾಯರ ನೋಟ್‌ಬುಕ್ಕಿನಲ್ಲಿ ತಾರೀಕು ಸಮೇತ ಇವೆ.

ವಿದ್ಯೆಯ ಅಡ್ಡ ಪರಿಣಾಮವೆಂದರೆ, ಅವರೊಡನೆ ಪ್ರಯಾಣ ಮಾಡುವುದು ಯಾರಿಗೂ ಆಗುತ್ತಿಲ್ಲ. ಬಿಎಂಟಿಸಿ ಬಸ್ಸು ನಿಂತಾಗ ಬರುವ ಉಸ್ ಸದ್ದಿಗೆ ಪಕ್ಕದವರನ್ನು ತಿವಿದು, "ಇದರಲ್ಲಿ ಎಣ್ಣೆ ಇಲ್ಲ, ಗಾಳಿ. ಗಾಳಿ ಪೂರ್ತಿ ಸೋರಿದ್ರೆ ಸ್ಪ್ರಿಂಗೇ ಬ್ರೇಕ್ ಹಿಡಿದುಬಿಡತ್ತೆ, ಹೆದರ್ಬೇಡಿ," ಎನ್ನುತ್ತಾರೆ. ಅಲ್ಲಿಯವರೆಗೆ ಯಾರೂ ಹೆದರಿರುವುದಿಲ್ಲ. ಕಾರಿನಲ್ಲಿ ಎಡಗಡೆ ಕೂತರಂತೂ ಅವರ ಬಲಗಾಲು ಇಲ್ಲದ ಪೆಡಲನ್ನು ಒತ್ತುತ್ತಲೇ ಇರುತ್ತದೆ. ಅಲ್ಲಿನ ಮ್ಯಾಟ್ ತೂತಾಗಿದೆ.

ಹೋದ ವರ್ಷ ಮಗ ಎಲೆಕ್ಟ್ರಿಕ್ ಕಾರು ತಂದ. ಒಂದು ಭಾನುವಾರ ಎಲ್ಲರೂ ನಂದಿ ಬೆಟ್ಟಕ್ಕೆ ಹೋದರು. ಇಳಿಯುವಾಗ ಸೊಸೆ ಓಡಿಸುತ್ತಿದ್ದಳು. ರಾಯರು ಎಡಗಡೆಯ ಸೀಟಿನಲ್ಲಿ ಉಸಿರು ಬಿಗಿಹಿಡಿದು, "ಎರಡನೇ ಗೇರಿಗೆ ಹಾಕಮ್ಮ, ಬ್ರೇಕ್ ಮೇಲೇ ಇಳಿಸ್ಬೇಡ," ಎಂದರು.

"ಮಾವ, ಇದಕ್ಕೆ ಆ ಥರ ಗೇರಿಲ್ಲ. ಆಕ್ಸಿಲರೇಟರ್ ಬಿಟ್ರೆ ಸಾಕು, ಮೋಟರೇ ಡೈನಮೋ ಆಗಿ ತಡೆಯತ್ತೆ. ಬ್ಯಾಟರಿಗೂ ಚಾರ್ಜ್ ಆಗತ್ತೆ."

ಬುಡದಲ್ಲಿ ಕಾಫಿಗೆ ನಿಲ್ಲಿಸಿದಾಗ ರಾಯರು ಮೇಸ್ತ್ರಿ ಕಲಿಸಿದಂತೆ ಒಂದೊಂದೇ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದರು. ಕಾವಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ಊಟ ಮುಗಿದ ಮೇಲೆ ಛತ್ರಕ್ಕೆ ಬಂದವರ ಮುಖ ಮಾಡಿಕೊಂಡು ಒಂದು ಸುತ್ತು ಹಾಕಿದರು. ಆಮೇಲೆ ಏನೋ ಅನುಮಾನ ಬಂದು, ಜೇಬಿನ ಟಾರ್ಚ್ ತೆಗೆದು ಹಿಂಚಕ್ರದ ಕಡ್ಡಿಗಳ ಸಂದಿಯಲ್ಲಿ ಬೆಳಕು ಬಿಟ್ಟರು.

"ಬಾಮ್ಮ ಇಲ್ಲಿ! ಬೇಗ ಬಾ!"

ಕಾಫಿ ಲೋಟ ಹಿಡಿದೇ ಸೊಸೆ ಓಡಿಬಂದಳು. ಡಿಸ್ಕಿನ ಮೇಲೆ ಕಂದು ಬಣ್ಣದ ತುಕ್ಕು ತೆಳ್ಳಗೆ ಕೂತಿತ್ತು. ರಾಯರ ಮುಖ ಅರಳಿತ್ತು. "ಮೋಟರೇ ಎಲ್ಲ ಮಾಡಿದ್ರೆ ಪ್ಯಾಡು ಡಿಸ್ಕಿಗೆ ತಾಗೋದೇ ಇಲ್ಲ. ಉಪಯೋಗಿಸದೇ ತುಕ್ಕು ಹಿಡಿದಿದೆ. ಇದಕ್ಕೂ ಇದೆ ಕಣಮ್ಮ ಕಾಯಿಲೆ! ಖಾಲಿ ರಸ್ತೇಲಿ ಒಂದು ಹತ್ತು ಸಲ ಚೆನ್ನಾಗಿ ಬ್ರೇಕ್ ಒತ್ತು, ಉಜ್ಜಿ ಹೋಗತ್ತೆ."

ಸೊಸೆ ತಿರುಗಿ ಬೆಂಗಳೂರಿನ ದಿಕ್ಕಿಗೆ ನೋಡಿದಳು. ಭಾನುವಾರ ಹನ್ನೊಂದು ಗಂಟೆ. ಕಣ್ಣು ಹರಿಯುವಷ್ಟು ದೂರ ಬಂಪರಿಗೆ ಬಂಪರು ತಾಗಿಸಿಕೊಂಡು ಕಾರುಗಳು ನಿಂತಿದ್ದವು.

"ಖಾಲಿ ರಸ್ತೆ ಎಲ್ಲಿದೆ ಮಾವ?"

ರಾಯರು ಆಗಲೇ ಮುಂಚಕ್ರದ ಹತ್ತಿರ ಮಂಡಿಯೂರಿದ್ದರು.