ನೌಕಾನಾಮಮೀಮಾಂಸೆ: ವಯರ್‌ಲೆಸ್ ಶ್ರವಣಖಂಡ

ಯಾವುದೇ ಶಾಸ್ತ್ರಗ್ರಂಥವು ತನ್ನ ವಿಷಯವಾವುದು, ಪ್ರಯೋಜನವಾವುದು, ಅಧಿಕಾರಿ ಯಾರು, ಇವುಗಳಿಗೆ ಪರಸ್ಪರ ಸಂಬಂಧವೇನು ಎಂಬ ನಾಲ್ಕು ಅನುಬಂಧಗಳನ್ನು ಮೊದಲಿಗೇ ನಿವೇದಿಸತಕ್ಕದ್ದೆಂಬ ಪೂರ್ವಾಚಾರ್ಯರ ವಿಧಿಯನ್ನು ಶಿರಸಾವಹಿಸಿ ಹೇಳುವುದಾದರೆ, ಪ್ರಕೃತ ಪ್ರಬಂಧದ ವಿಷಯವು ಮೀನುಗಾರಿಕಾ ಬೋಟುಗಳ ನಾಮಕರಣ; ಪ್ರಯೋಜನವು, ಬೋಟಿಗೆ ನೀರು ನುಗ್ಗಿದ ಹೊತ್ತಿನಲ್ಲಿ ಮುಳುಗುತ್ತಿರುವುದು ತಾನೇ ಹೊರತು ನೆರೆಯ ಬೋಟಲ್ಲವೆಂದು ಕೇಳುವವರಿಗೆ ಮನವರಿಕೆ ಮಾಡಿಕೊಡುವುದು; ಅಧಿಕಾರಿಯು ಗಂಗೊಳ್ಳಿ, ಮಲ್ಪೆ, ಮಂಗಳೂರು ಮೊದಲಾದ ಬಂದರುಗಳಲ್ಲಿ ಬೋಟು ಕಟ್ಟಿಸಿ, ಬ್ಯಾಂಕಿನ ಋಣದಿಂದ ಬಿಡುಗಡೆಯನ್ನು ಹಂಬಲಿಸುತ್ತಿರುವ ಮುಮುಕ್ಷು. ಸಂಬಂಧವನ್ನು ವಾಚಕರು ಊಹಿಸಿಕೊಳ್ಳುವುದು.

ಈ ವಿಷಯದಲ್ಲಿ ಇದುವರೆಗೆ ಪ್ರಮಾಣವೆಂದು ಅಂಗೀಕೃತರಾಗಿರುವವರು ರಾಶಿನಕ್ಷತ್ರಗಳನ್ನು ನೋಡಿ ಆದ್ಯಕ್ಷರವನ್ನು ನಿರ್ಣಯಿಸುವ ಜ್ಯೋತಿಷಿಗಳು, ಹರಕೆಯನ್ನು ಮರೆಯದ ಅತ್ತೆಯವರು, ಬಂಡವಾಳ ಹಾಕಿದ ಪಾಲುದಾರರು, ಮತ್ತು ಒತ್ತಕ್ಷರಗಳಿದ್ದರೆ ಕುಂಚಕ್ಕೆ ಮೆರಗೆಂದು ತಿಳಿದ ಪೇಂಟರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕಾ ನಿಷೇಧವಿರುವ ಮಳೆಗಾಲದಲ್ಲಿ ಬೋಟುಗಳೆಲ್ಲ ದಡದಲ್ಲಿ ವಿಶ್ರಮಿಸುತ್ತಿರುವಾಗ ಈ ಚತುಷ್ಟಯವು ಒಂದೆಡೆ ಕುಳಿತು ಹೆಸರನ್ನು ಸ್ಥಿರಪಡಿಸುತ್ತದೆ. ಹತ್ತು ಮೈಲಿಯಾಚೆ, ಎಂಜಿನಿನ ಗರ್ಜನೆಯ ನಡುವೆ, ಒಂದು ಕೈಯಲ್ಲಿ ಚುಕ್ಕಾಣಿಯನ್ನೂ ಇನ್ನೊಂದರಲ್ಲಿ ಚಹದ ಲೋಟವನ್ನೂ ಹಿಡಿದು, ವಯರ್‌ಲೆಸ್ಸಿನ ಕಡೆಗೆ ಅರ್ಧ ಕಿವಿಯನ್ನು ಮಾತ್ರ ಇಟ್ಟಿರುವ ತಾಂಡೇಲನನ್ನು ಕೇಳಿದವರು ಮಾತ್ರ ಯಾರೂ ಇಲ್ಲ. ಹೆಸರನ್ನು ಉಪಯೋಗಿಸಬೇಕಾದವನು ಅವನೊಬ್ಬನೇ ಎಂಬುದು ನಮ್ಮ ಸಿದ್ಧಾಂತದ ಬೀಜ.

ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ, ಶಬ್ದದ್ರವ್ಯವು ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಜನಿಸುವುದೆಂದೂ ಅದರ ವರ್ಣವು ಶ್ವೇತವೆಂದೂ ಅಪ್ಪಣೆ ಕೊಡಿಸಿದ್ದಾನೆ. ಆ ಶಬ್ದವು ಮುಖದಿಂದ ಹೊರಟು ಮೈಕಿನೊಳಗೆ ಹೊಕ್ಕ ಮೇಲೆ ಅದರ ಗತಿಯೇನೆಂಬುದನ್ನು ಆತನು ಹೇಳಲಿಲ್ಲವಾಗಿ, ಆ ನ್ಯೂನತೆಯನ್ನು ನಾವು ತುಂಬಿಕೊಡಬೇಕಾಗಿದೆ. ಬೋಟಿನ ವಯರ್‌ಲೆಸ್ ಸೆಟ್ಟು ಸುಮಾರು 300 ಹರ್ಟ್ಸ್‌ನಿಂದ 3000 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಒಯ್ಯುವಷ್ಟು ಸಂಕುಚಿತಹೃದಯದ್ದು. ಸ್ವರಗಳೂ ಬಹುತರ ವ್ಯಂಜನಗಳೂ ಈ ದ್ವಾರದಲ್ಲಿ ಹೇಗೋ ನುಸುಳುತ್ತವೆ. ದಂತ್ಯ ಸಕಾರದ ಸತ್ತ್ವವೆಲ್ಲ ಬಹುಮಟ್ಟಿಗೆ 4000 ಹರ್ಟ್ಸ್‌ನ ಮೇಲ್ಭಾಗದಲ್ಲಿ ನೆಲಸಿರುವುದರಿಂದ ಅದು ಹೊಸ್ತಿಲಲ್ಲಿಯೇ ಉಳಿದುಬಿಡುತ್ತದೆ. ಅಳಿದುಳಿದ ಸೀತ್ಕಾರವಾದರೂ ಯಂತ್ರದ ಸಹಜವಾದ ಸುಸ್ಕಾರದಲ್ಲಿ ಬೆರೆತು ಅದ್ವೈತವನ್ನು ಹೊಂದುತ್ತದೆ. ಇಂತಹ ಸುಸ್ಕಾರವನ್ನು ಎಂಜಿನಿಯರುಗಳು ಬಿಳಿ ಸದ್ದೆಂದು ಕರೆಯುತ್ತಾರಾಗಿ, ಶಬ್ದದ ಬಣ್ಣದ ವಿಷಯದಲ್ಲಿ ಕೇಶಿರಾಜನೊಡನೆ ಅವರಿಗೆ ಭಿನ್ನಾಭಿಪ್ರಾಯವಿದ್ದಂತೆ ತೋರುವುದಿಲ್ಲ. ಫಲಿತಾರ್ಥವಿಷ್ಟು: ಪೂಜೆ ಮಾಡಿಸಿ 'ಸಾರಥಿ'ಯೆಂದು ಹೆಸರಿಟ್ಟ ಬೋಟು ಸಮುದ್ರಮಧ್ಯದಲ್ಲಿ 'ಆರತಿ'ಯಾಗುತ್ತದೆ; ಆದಿಯ ಸಕಾರವು ಯಂತ್ರದ ಪಾಲಾದರೆ, ಥಕಾರದ ಮಹಾಪ್ರಾಣವು ಎಂಜಿನಿನ ಪಾಲಾಗುತ್ತದೆ.

ಈ ಸಕಾರಭೀತಿಯು ನಮ್ಮ ಕಲ್ಪನೆಯೆಂದು ಯಾರೂ ಹಗುರಾಗಿ ತಿಳಿಯಬಾರದು. ಟೆಲಿಗ್ರಾಫಿನ ಚುಕ್ಕೆಗೆರೆಗಳಲ್ಲಿ ಅತ್ಯಂತ ಸ್ಫುಟವಾಗಿದ್ದ ಎಸ್‌ಒಎಸ್ ಎಂಬ ಆರ್ತನಾದವು, ಮಾತಿನ ರೇಡಿಯೋದಲ್ಲಿ, 'ಎಸ್' ಅಕ್ಷರವು ಕಿವಿಗೆ ಸರಿಯಾಗಿ ತಿಳಿಯದೆಂಬ ಕಾರಣದಿಂದಲೇ ಪದಚ್ಯುತವಾಯಿತು. 1920ರ ದಶಕದ ಆದಿಯಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನನಿಲ್ದಾಣದ ರೇಡಿಯೋ ಅಧಿಕಾರಿಯಾಗಿದ್ದ ಫ್ರೆಡರಿಕ್ ಮಾಕ್‌ಫರ್ಡ್ ಎಂಬಾತನು 'ಮೇಡೇ' ಎಂಬ ಶಬ್ದವನ್ನು ಸೂಚಿಸಿದನು. 1927ರ ವಾಷಿಂಗ್ಟನ್ ಸಮ್ಮೇಳನವು ಅದನ್ನು ಅಂಗೀಕರಿಸಿತು. ಓಷ್ಠ್ಯವಾದ ಒಂದು ಅನುನಾಸಿಕ, ಘೋಷವುಳ್ಳ ಒಂದು ಡಕಾರ, ಎರಡು ದೀರ್ಘಸ್ವರಗಳು. ಊಷ್ಮಾಕ್ಷರದ ಸೋಂಕೇ ಇಲ್ಲ. ಶಿಕ್ಷಾಶಾಸ್ತ್ರದ ಗಂಧವಿಲ್ಲದ ದೇಶದಲ್ಲಿ ಇಷ್ಟು ಶುದ್ಧವಾದ ಪ್ರಯೋಗವು ಹುಟ್ಟಿತೆಂಬುದು ಅಚ್ಚರಿಯೇ ಸರಿ.

ಇನ್ನು ಆದಿಯ 'ಶ್ರೀ'ಕಾರದ ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಶ್ರೀಯಿಲ್ಲದೆ ನೀರಿಗಿಳಿಯುವ ಬೋಟು ವಿರಳ. ನಾಸ್ತಿಕರು ಇದನ್ನು ನಿರರ್ಥಕವೆನ್ನುವರು. ಆದರೆ ವಯರ್‌ಲೆಸ್ಸಿನಲ್ಲಿ ಮಾತನಾಡಬೇಕಾದವನು ಮೈಕಿನ ಗುಂಡಿಯನ್ನು ಒತ್ತಿ ಕ್ಷಣಕಾಲ ತಡೆದು ಬಾಯಿ ತೆರೆಯಬೇಕೆಂಬ ನಿಯಮವಿದ್ದರೂ, ಅವಸರದಲ್ಲಿ ಬಾಯಿ ಮೊದಲಾಗಿ ಬೆರಳು ಹಿಂದಾಗುವುದು ಮನುಷ್ಯಸ್ವಭಾವ. ಹೀಗಾಗಿ ಮೊದಲ ಅಕ್ಷರವು ಎಷ್ಟೋ ಕರೆಗಳಲ್ಲಿ ಆಕಾಶವನ್ನು ಸೇರದೆಯೇ ಲುಪ್ತವಾಗುತ್ತದೆ. 'ರಾಜಹಂಸ'ವು 'ಜಹಂಸ'ವಾಗಿ ಯಾರಿಗೂ ಅರ್ಥವಾಗದೆ ಹೋಗುವುದು ಇದರಿಂದಲೇ. 'ಶ್ರೀ ರಾಜಹಂಸ'ವೆಂದವನಾದರೋ ಶ್ರೀಯನ್ನು ಗುಂಡಿಗೆ ಬಲಿಯಾಗಿ ಸಮರ್ಪಿಸಿ, ಉಳಿದ ಹೆಸರನ್ನು ಅಖಂಡವಾಗಿ ದಡ ಮುಟ್ಟಿಸುತ್ತಾನೆ. ಹಿರಿಯರು ಶುಭಾಕ್ಷರವೊಂದನ್ನು ಮುಂದೆ ನಿಲ್ಲಿಸಿದ್ದು ಹೀಗೆ ನುಂಗಿಸಿಕೊಳ್ಳಲಿಕ್ಕೆಂದೇ ಎಂಬ ನಮ್ಮ ಮತವನ್ನು ವೈದಿಕರೊಬ್ಬರು ಅನುಮೋದಿಸಲಿಲ್ಲ. ಅವರು ಬೋಟಿನಲ್ಲಿ ಕುಳಿತವರೂ ಅಲ್ಲ.

ಇಲ್ಲಿ ಪೂರ್ವಪಕ್ಷಿಯೊಬ್ಬನು ಏಳುತ್ತಾನೆ: ಸರ್ಕಾರವು ಪ್ರತಿ ಬೋಟಿಗೂ ಐಎನ್‌ಡಿ, ಕೆಎ ಎಂದು ಮೊದಲಾಗುವ ನೋಂದಣಿ ಸಂಖ್ಯೆಯನ್ನು ದಯಪಾಲಿಸಿರುವಾಗ ಹೆಸರಿನ ಹಂಗೇಕೆ? ಉತ್ತರ. ಆ ಸಂಖ್ಯೆಯ ಮಧ್ಯದಲ್ಲಿ 'ಎಂಎಂ' ಎಂಬ ಯಮಳಾಕ್ಷರಗಳು ವಿರಾಜಿಸುತ್ತಿದ್ದು, ಮಕಾರ ನಕಾರಗಳ ಭೇದವನ್ನು ಅರಿಯದ ವಯರ್‌ಲೆಸ್ಸು ಅವನ್ನು 'ಎನ್ನೆನ್' ಎಂದು ಉದ್ಧರಿಸುತ್ತದೆ. ಅಂಕೆಗಳ ಪಾಡು ಇನ್ನೂ ಕರುಣಾಜನಕ. ಕನ್ನಡದಲ್ಲಿ ಮೂರಕ್ಕೂ ನೂರಕ್ಕೂ ಇರುವ ಅಂತರವು ಒಂದು ಅನುನಾಸಿಕದಷ್ಟೇ ಆದ್ದರಿಂದ, ಮೂರು ಬುಟ್ಟಿ ಬಂಗುಡೆ ಸಿಕ್ಕಿದೆಯೆಂದು ಒಬ್ಬ ತಾಂಡೇಲನು ನಿಟ್ಟುಸಿರಿಟ್ಟು ಹೇಳಿದ್ದನ್ನು ನೂರು ಬುಟ್ಟಿಯೆಂದು ಗ್ರಹಿಸಿ ಸುತ್ತಲಿನ ಬೋಟುಗಳೆಲ್ಲ ಬಲೆಯೆತ್ತಿಕೊಂಡು ಅತ್ತ ಧಾವಿಸುವ ಸಂಭವವಿದೆ. ಒಂಬತ್ತು, ತೊಂಬತ್ತುಗಳ ವಿಷಯವನ್ನು ನಾವು ಎತ್ತುವುದೇ ಇಲ್ಲ. ಆಂಗ್ಲರು ಐದಕ್ಕೂ ಒಂಬತ್ತಕ್ಕೂ ತಮ್ಮಲ್ಲಿ ಇರುವ ಇದೇ ಬಗೆಯ ಕಲಹವನ್ನು 'ನೈನ್' ಎಂಬುದಕ್ಕೆ 'ನೈನರ್' ಎಂದು ಬಾಲ ಕಟ್ಟಿ ಶಮನಗೊಳಿಸಿದರು. ನಮ್ಮ ಅಂಕೆಗಳಿಗೆ ಬಾಲವನ್ನು ಜೋಡಿಸಬಲ್ಲ ವೈಯಾಕರಣರು ಈಗಿಲ್ಲ.

ದೈರ್ಘ್ಯವು ಪ್ರತ್ಯೇಕ ವಿಚಾರಾರ್ಹವಾದ ದೋಷ. 156.8 ಮೆಗಾಹರ್ಟ್ಸ್‌ನ ಹದಿನಾರನೆಯ ಚಾನೆಲ್ಲಿನಲ್ಲಿ ಆಪತ್ಕರೆಯನ್ನು ಕೊಡುವಾಗ 'ಮೇಡೇ' ಎಂದು ಮೂರು ಸಲ ಹೇಳಿ, ಬೋಟಿನ ಹೆಸರನ್ನೂ ಮೂರು ಸಲ ಹೇಳಬೇಕೆಂಬುದು ಅಂತಾರಾಷ್ಟ್ರೀಯ ವಿಧಿ. ಈಗ 'ಶ್ರೀ ದುರ್ಗಾಪರಮೇಶ್ವರಿ ಪ್ರಸಾದ'ವೆಂಬ ಹೆಸರನ್ನು ಕಲ್ಪಿಸಿಕೊಂಡು, ಈ ವಿಧಿಗನುಸಾರವಾಗಿ ಲಘುಗುರುಗಳನ್ನು ಎಣಿಸಿ ನೋಡಿದರೆ, ಮೊತ್ತವು ಒಂದು ಕಂದಪದ್ಯದ 64 ಮಾತ್ರೆಗಳನ್ನು ದಾಟುತ್ತದೆ. ಎಲ್ಲಿದ್ದೇವೆ, ಏನಾಗಿದೆ, ಬೋಟಿನಲ್ಲಿ ಎಷ್ಟು ಜನ ಎಂಬ ಸಂಗತಿಗಳು ಇನ್ನೂ ಬಂದೇ ಇಲ್ಲ. ನೀರು ಕಂದಪದ್ಯದ ಮುಕ್ತಾಯಕ್ಕಾಗಿ ಕಾಯುವುದಿಲ್ಲ.

ಅದು ಹೋಗಲೆಂದರೆ, ಅದೇ ಬಂದರಿನಲ್ಲಿ ದುರ್ಗಾ, ದುರ್ಗಾಂಬಾ, ದುರ್ಗಾಪ್ರಸಾದ, ದುರ್ಗಾಪರಮೇಶ್ವರಿಯರು ಪಕ್ಕಪಕ್ಕದಲ್ಲಿಯೇ ತಂಗಿರಲು ಏನಡ್ಡಿ? ಒಬ್ಬರನ್ನು ಕರೆದರೆ ನಾಲ್ವರು ಓಗೊಡುತ್ತಾರೆ, ಇಲ್ಲವೆ ಇನ್ನೊಬ್ಬರು ಓಗೊಡುವರೆಂದು ನಾಲ್ವರೂ ಸುಮ್ಮನಿರುತ್ತಾರೆ, ಇಲ್ಲವೆ "ಯಾವ್ ದುರ್ಗೆ ಮಾರಾಯಾ?" ಎಂಬ ಪ್ರಶ್ನೆಯೊಂದೇ ಉತ್ತರವಾಗಿ ಬರುತ್ತದೆ. ನಾಲ್ವರೂ ಏಕಕಾಲಕ್ಕೆ ಮಾತನಾಡಿದಾಗಲಾದರೋ ಎಫ್‌ಎಂ ತತ್ತ್ವದ ಈ ಯಂತ್ರದಲ್ಲಿ ಪ್ರಬಲವಾದ ಅಲೆಯು ದುರ್ಬಲವಾದುದನ್ನು ಸಂಪೂರ್ಣವಾಗಿ ನುಂಗಿ ತಾನೊಂದೇ ಕೇಳಿಸುವುದು ಸ್ವಭಾವಸಿದ್ಧ. ಅರ್ಥಶಾಸ್ತ್ರಕಾರರು ಅರಾಜಕತೆಯನ್ನು ವರ್ಣಿಸುವುದಕ್ಕೆಂದು ಮೀಸಲಿಟ್ಟಿದ್ದ ಮತ್ಸ್ಯನ್ಯಾಯವು ಕೊನೆಗೂ ಮೀನುಗಾರರ ನಡುವೆಯೇ ಅಕ್ಷರಶಃ ನೆರವೇರಿದುದನ್ನು ನೋಡಿ ವಿದ್ವಾಂಸರಿಗೆ ಸಂತೋಷವಾಗದಿರದು.

ಶಬ್ದದೋಷಗಳು ಹೀಗಾದರೆ, ಅರ್ಥದೋಷಗಳು ಇದಕ್ಕಿಂತ ಘೋರ. ಮಂಗಳಕರವಾದ ಹೆಸರನ್ನಿಡಬೇಕೆಂಬ ಹುಮ್ಮಸ್ಸಿನಲ್ಲಿ ಒಬ್ಬನು ತನ್ನ ಬೋಟನ್ನು 'ಕ್ಷೇಮ'ವೆಂದು ಕರೆದನೆನ್ನೋಣ. ತಳದ ಹಲಗೆ ಬಿರಿದ ರಾತ್ರಿ ಅವನು ಹದಿನಾರನೆಯ ಚಾನೆಲ್ಲಿನಲ್ಲಿ ಎದೆಯೊಡೆದು ಕೂಗುವುದೇನು? "ಕ್ಷೇಮ, ಕ್ಷೇಮ, ಕ್ಷೇಮ!" ಕೇಳಿದವರು, ಇಷ್ಟು ಹೊತ್ತಿಗೆ ಇಷ್ಟೊಂದು ಕ್ಷೇಮಸಮಾಚಾರವನ್ನು ತಿಳಿಸುವ ಸೌಜನ್ಯಕ್ಕೆ ತಲೆದೂಗಿ ಮಗ್ಗುಲು ಬದಲಿಸುತ್ತಾರೆ. 'ನಿರ್ಭಯ', 'ಆನಂದ', 'ನಿಶ್ಚಿಂತೆ'ಗಳಿಗೂ ಇದೇ ಗತಿ. ಹಾಗೆಂದು ವಿಪರೀತಕ್ಕೆ ಹೋಗಿ 'ಗಂಡಾಂತರ'ವೆಂದು ಹೆಸರಿಟ್ಟರೆ, ಐಸು ಬೇಕೆಂದು ದಡಕ್ಕೆ ಹೇಳಿಕಳುಹಿಸಿದಾಗಲೆಲ್ಲ ಕರಾವಳಿ ಕಾವಲು ಪಡೆಯ ಹಡಗು ಹೊರಟು ನಿಲ್ಲುವ ಅಪಾಯವುಂಟು.

ಪರದೇಶಗಳಲ್ಲಿ ಈ ಶಾಸ್ತ್ರವು ಎಷ್ಟು ಬೆಳೆದಿದೆಯೆಂಬುದಕ್ಕೆ ಒಂದೇ ದೃಷ್ಟಾಂತ ಸಾಕು. ಆಲ್ಫಾ, ಬ್ರಾವೊ, ಚಾರ್ಲಿ ಎಂಬ ಅಕ್ಷರಮಾಲೆಯನ್ನು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯವರು ಸಿದ್ಧಪಡಿಸುವಾಗ ಮಾಂಟ್ರಿಯಲ್ಲಿನ ಭಾಷಾವಿಜ್ಞಾನಿ ಜಾನ್-ಪಾಲ್ ವಿನೇ ಅವರ ನೆರವಿನಿಂದ ಒಂದೊಂದು ಶಬ್ದವನ್ನೂ ನಾನಾ ದೇಶದವರ ಬಾಯಿಕಿವಿಗಳಲ್ಲಿ ಪರೀಕ್ಷಿಸಿದರು. ಮೊದಲು 'ಎನ್' ಅಕ್ಷರಕ್ಕೆ 'ನೆಕ್ಟರ್', ಅಂದರೆ ಸಾಕ್ಷಾತ್ ಅಮೃತವನ್ನೇ ನಿಯಮಿಸಿದ್ದರು. ಪ್ರಯೋಗದಲ್ಲಿ ಅದು ನಿಲ್ಲದೆ, 1956ರಲ್ಲಿ ಜಾರಿಗೆ ಬಂದ ಪರಿಷ್ಕೃತ ಪಾಠದಲ್ಲಿ ನವೆಂಬರ್ ತಿಂಗಳಿಗೆ ಎಡೆಗೊಟ್ಟಿತು. ಸಮುದ್ರವನ್ನು ಕಡೆದು ಅಮೃತವನ್ನು ತೆಗೆದ ದೇಶದವರಾದ ನಾವು ಇದನ್ನು ಸಹಿಸಿಕೊಂಡು, ಅವರ ಪರೀಕ್ಷಾಕ್ರಮವನ್ನಷ್ಟೇ ಎರವಲು ಪಡೆಯುವುದು ಯುಕ್ತ. ಹೆಸರಿಡಬೇಕಾದವನು ಎಂಜಿನಿನ ಪಕ್ಕದಲ್ಲಿ ನಿಂತು ಅದನ್ನು ಉಚ್ಚರಿಸತಕ್ಕದ್ದು. ಇನ್ನೊಂದು ಬೋಟಿನಲ್ಲಿ ತುಳು, ಕೊಂಕಣಿ, ಮಲಯಾಳಗಳನ್ನಾಡುವ ಒಬ್ಬೊಬ್ಬರೂ, ಮೀನುಗಾರಿಕೆಗೆಂದು ಒಡಿಶಾದಿಂದ ಬಂದಿರುವ ಒಬ್ಬ ಕಲಾಸಿಯೂ ಅದನ್ನು ಕೇಳಿ ಮರುನುಡಿಯತಕ್ಕದ್ದು. ನಾಲ್ವರೂ ಒಂದೇ ಹೆಸರನ್ನು ನುಡಿದರೆ ಸಾಕು, ಪೇಂಟರಿಗೆ ಹೇಳಿಕಳುಹಿಸಬಹುದು.

ಈ ಎಲ್ಲ ಲಕ್ಷಣಗಳನ್ನೂ ಒರೆಗಲ್ಲಾಗಿಟ್ಟುಕೊಂಡು ನೋಡಲಾಗಿ, ಊಷ್ಮಾಕ್ಷರವಿಲ್ಲದ, ಮಹಾಪ್ರಾಣವಿಲ್ಲದ, ಅನುನಾಸಿಕದ ಗೊಂದಲವಿಲ್ಲದ, ಮೂರೇ ಅಕ್ಷರಗಳ, ಘೋಷವ್ಯಂಜನಗಳೇ ತುಂಬಿದ, ಕ್ಷೇಮವೆಂದಾಗಲಿ ವಿಪತ್ತೆಂದಾಗಲಿ ಭ್ರಮೆಗೆಡೆಗೊಡದ ನಾಮವೊಂದು ಮೊಗವೀರರ ಮನೆಯಲ್ಲಿಯೇ ಇದ್ದುದು ಕಂಡುಬಂದಿತು. ಅದು ಕಡಲ ಮಕ್ಕಳು ನಂಬಿಕೊಂಡು ಬಂದ ದೈವ ಬೊಬ್ಬರ್ಯನ ನಾಮ. ಕಡಲ ಮೇಲಿನ ಶಬ್ದಸಂಚಾರದ ಮರ್ಮವನ್ನು ವಿಜ್ಞಾನಿಗಳಿಗಿಂತ ಮೊದಲೇ ಆ ದೈವವು ಅರಿತಿತ್ತೆಂಬುದರಲ್ಲಿ ನಮಗೆ ಲೇಶವೂ ಸಂದೇಹವಿಲ್ಲ. ಈ ಸಿದ್ಧಾಂತವನ್ನು ವಯಸ್ಸಾದ ತಾಂಡೇಲರೊಬ್ಬರ ಮುಂದೆ ಮಂಡಿಸಿದಾಗ ಅವರು ಬಹಳ ಹೊತ್ತು ಯೋಚಿಸಿ, "ಎಲ್ಲ ಸರಿ ಮಾರಾಯ್ರೆ, ನೀವು ಬರೆದದ್ದನ್ನು ಎಲ್ಲರೂ ಓದಿದರೆ ಬರುವ ಆಗಸ್ಟಿನಲ್ಲಿ ಬಂದರು ತುಂಬ ಬೊಬ್ಬರ್ಯನೇ ಆಗ್ತಾನಲ್ಲ?" ಎಂದರು. ಈ ಆಕ್ಷೇಪಕ್ಕೆ ಪರಿಹಾರವು ಯಾವ ದರ್ಶನದಲ್ಲಿಯೂ ದೊರೆಯಲಿಲ್ಲ. ಆದಕಾರಣ ಈ ಪ್ರಬಂಧವನ್ನು ಮೊದಲು ಓದಿದ ಬೋಟು ಮಾಲೀಕರು ಕೂಡಲೇ ಹೆಸರನ್ನು ಬರೆಸಿಕೊಂಡು, ಪ್ರತಿಯನ್ನು ನೆರೆಯವರ ಕೈಗೆ ಸಿಗದಂತೆ ಮಡಿಸಿಡಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇವೆ.